ಶಾಲೆ ತೆರೆಯುವ ಮುನ್ನ ಹದಿನೈದು ದಿನ

ಮೇ ತಿಂಗಳ ಕೊನೆಯಲ್ಲಿ ಪುಸ್ತಕದಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೀಲ, ಕೊಡೆ, ಮಳೆಯಂಗಿ, ಬೂಟು, ಪುಸ್ತಕಕ್ಕೆ ಹಾಕುವ ಕಂದು ಕಾಗದ ಎಲ್ಲವೂ ಪೋಷಕರಿಗೆ ನೆನಪಿರುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಗುಂಪು ನಮ್ಮಂಥ ವೈದ್ಯರ ಚಿಕಿತ್ಸಾಲಯದ ಜಗಲಿಯಲ್ಲಿ ಕುಳಿತಿರುತ್ತದೆ. ಅದೇ ಹೊಸ ಕೊಡೆ, ಅದೇ ಹೊಸ ಚೀಲ. ಮಗುವಿಗೆ ಮಾತ್ರ ಜ್ವರ, ಕೆಮ್ಮು, ಹೊಟ್ಟೆನೋವು, ತೊಡೆಸಂದಿಯಲ್ಲಿ ತುರಿಕೆ.

ಕರಿಕೆಯಂಥ ಊರಿನಲ್ಲಿ ಇದಕ್ಕೆ ಒಂದು ವಿಶೇಷ ಕಾರಣವಿದೆ. ಇದು ಮಡಿಕೇರಿ ತಾಲ್ಲೂಕಿನ ಪಶ್ಚಿಮದ ಅಂಚು. ಭಾಗಮಂಡಲದಿಂದ ಘಟ್ಟ ಇಳಿದು ಬಂದರೆ ನಾವು, ನಮ್ಮಿಂದಾಚೆಗೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಕರ್ನಾಟಕದ ಶಾಲೆಗಳು ಮೇ ಕೊನೆಯ ವಾರದಲ್ಲಿ ತೆರೆದರೆ, ಗಡಿಯಾಚೆಯ ಕೇರಳದ ಶಾಲೆಗಳು ಜೂನ್ ಮೊದಲ ವಾರದಲ್ಲಿ ತೆರೆಯುತ್ತವೆ. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನವೂ ಜೂನ್ 1. ಅಂದರೆ ನಮ್ಮ ಮಕ್ಕಳಿಗೆ ಶಾಲೆಯೂ ಮಳೆಯೂ ಒಟ್ಟಿಗೇ ಆರಂಭ. ಎರಡು ತಿಂಗಳು ಬಿಸಿಲಿನಲ್ಲಿ ಮಾವಿನ ಮರದಡಿ ಆಡಿ, ಎಂಟು ಗಂಟೆಗೆ ಎದ್ದ ದೇಹ ಒಂದೇ ದಿನದಲ್ಲಿ ಆರು ಗಂಟೆಗೆ ಎದ್ದು, ಮಳೆಯಲ್ಲಿ ನಡೆದು, ಒದ್ದೆ ಬಟ್ಟೆಯಲ್ಲಿ ಸಂಜೆಯವರೆಗೆ ಕುಳಿತುಕೊಳ್ಳಬೇಕು. ಇದಕ್ಕೆ ಸಿದ್ಧತೆ ಬೇಡವೇ?

ಸಿದ್ಧತೆಯ ಮಾತಿಗೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದನೇ ತರಗತಿಗೆ ಸೇರಿ ಹತ್ತು ದಿನವಾಗಿದ್ದ ಹುಡುಗನನ್ನು ಅವನ ತಾಯಿ ಕರೆತಂದರು. 'ದಿನಾ ಬೆಳಿಗ್ಗೆ ಹೊಟ್ಟೆನೋವು ಡಾಕ್ಟ್ರೇ, ಆದಿತ್ಯವಾರ ಮಾತ್ರ ಇಲ್ಲ' ಎಂದರು. ಹೊಟ್ಟೆ ಮುಟ್ಟಿ ನೋಡಿದೆ, ಮೆತ್ತಗಿತ್ತು. ನಾನೂ ನಕ್ಕೆ, ತಾಯಿಯೂ ನಕ್ಕರು. ಶಾಲೆಯ ಬೇಸರ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಕಳುಹಿಸಿದೆ. ಮುಂದಿನ ವಾರ ಆ ಹುಡುಗ ಚಳಿಜ್ವರದಿಂದ ನಡುಗುತ್ತ ಬಂದ. ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ತಗುಲಿರುವುದು ತಿಳಿಯಿತು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: 'ಶಾಲೆಯಲ್ಲಿ ಒಂದಕ್ಕೆ ಎಲ್ಲಿಗೆ ಹೋಗ್ತೀಯ ಮಗಾ?'

'ಹೋಗುದೇ ಇಲ್ಲ' ಎಂದ.

ಶೌಚಾಲಯಕ್ಕೆ ಅಂಗಳ ದಾಟಿ ಮಳೆಯಲ್ಲಿ ಹೋಗಬೇಕು. ಒಳಗೆ ಕತ್ತಲೆ. ಚಿಲಕ ಹಾಕಿದರೆ ತೆಗೆಯಲು ಅವನ ಕೈಗೆ ಬಲ ಸಾಲದು, ಹಾಕದಿದ್ದರೆ ಹೊರಗಿನಿಂದ ಹುಡುಗರು ಬಾಗಿಲು ದೂಡುತ್ತಾರೆ. ಹಾಗಾಗಿ ಅವನು ತನ್ನದೇ ಉಪಾಯ ಕಂಡುಕೊಂಡಿದ್ದ. ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅಮ್ಮ ತುಂಬಿಸಿ ಕೊಟ್ಟ ಬಾಟಲಿಯನ್ನು ಬರುವ ದಾರಿಯಲ್ಲಿ ಚೆಲ್ಲುತ್ತಿದ್ದ. ಬೆಳಗಿನ ಅವಸರದಲ್ಲಿ ಎರಡಕ್ಕೂ ಸರಿಯಾಗಿ ಹೋಗದೆ ಮಲಬದ್ಧತೆಯಾಗಿತ್ತು, ಅದು ಮೂತ್ರದ ಸೋಂಕಿಗೆ ಇನ್ನಷ್ಟು ದಾರಿ ಮಾಡಿತ್ತು. ಐದು ದಿನ ಆಸ್ಪತ್ರೆಯಲ್ಲಿ ಮಲಗಿ ಗುಣವಾದ. ಮಕ್ಕಳಲ್ಲಿ ಜ್ವರದೊಡನೆ ಬರುವ ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಕಲೆ ಉಳಿಸಿ ಹೋಗಬಹುದು, ಅವನಿಗೆ ಅಷ್ಟರಮಟ್ಟಿಗೆ ಹೋಗಲಿಲ್ಲ ಎಂಬುದೇ ನನ್ನ ಸಮಾಧಾನ.

ಶಾಲೆಯ ಸಾಮಾನಿನ ಪಟ್ಟಿಯಲ್ಲಿ ಯಾರೂ ಬರೆಯದ ಈ ವಿಷಯದಿಂದಲೇ ನೀವು ಆರಂಭಿಸಿ. ಹೊಸದಾಗಿ ಸೇರುವ ಮಗು ಚಡ್ಡಿಯ ಗುಂಡಿ, ಬೆಲ್ಟು ತಾನೇ ಬಿಚ್ಚಿ ಹಾಕಬಲ್ಲದೇ ನೋಡಿ. ಬಾರದಿದ್ದರೆ ಇಲಾಸ್ಟಿಕ್ ಇರುವುದನ್ನೇ ಹೊಲಿಸಿ, ಶಿಸ್ತಿಗೆ ಅದರಿಂದ ಭಂಗವಿಲ್ಲ. ತಾನೇ ತೊಳೆದುಕೊಳ್ಳಲು, ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಲು, ಆಮೇಲೆ ಸಾಬೂನಿನಿಂದ ಕೈ ತೊಳೆಯಲು ರಜೆಯಲ್ಲೇ ಕಲಿಸಿ. ಮೊದಲ ದಿನ ಬಿಡಲು ಹೋದಾಗ ಶೌಚಾಲಯಕ್ಕೆ ಕೈ ಹಿಡಿದು ಕರೆದುಕೊಂಡು ಹೋಗಿ ಚಿಲಕ ತೆಗೆದು ಹಾಕಿ ತೋರಿಸಿ. ಸಂಜೆ ಬಂದ ಮೇಲೆ 'ಏನು ಕಲಿತೆ' ಎಂದು ಕೇಳುವ ಮೊದಲು 'ಎಷ್ಟು ಸಲ ಒಂದಕ್ಕೆ ಹೋದೆ' ಎಂದು ಕೇಳಿ. ಮೂತ್ರ ಗಾಢ ಹಳದಿಯಾಗಿದ್ದರೆ ಬಾಟಲಿ ಬರಿದಾಗಿದ್ದರೂ ನಂಬಬೇಡಿ. ಮೈನೆರೆದ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಪ್ಯಾಡ್ ಎಲ್ಲಿ ಬದಲಿಸುವುದು, ಎಲ್ಲಿ ಹಾಕುವುದು ಎಂಬುದೂ ಇದೇ ಪ್ರಶ್ನೆ. ಆ ಮಾತನ್ನು ತಾಯಂದಿರು ಶಿಕ್ಷಕಿಯೊಡನೆ ನಾಚಿಕೆಯಿಲ್ಲದೆ ಆಡಬೇಕು.

ಮನೆಯ ಗಡಿಯಾರ

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ 8ರಿಂದ 10 ಗಂಟೆ. ಆರಕ್ಕೆ ಏಳಬೇಕಾದ ಮಗು ರಾತ್ರಿ ಒಂಬತ್ತರೊಳಗೆ ಮಲಗಿರಬೇಕೆಂದು ಲೆಕ್ಕ. ಶಾಲೆಯ ಹಿಂದಿನ ರಾತ್ರಿ 'ಬೇಗ ಮಲಗು' ಎಂದು ಗದರಿಸಿದರೆ ನಿದ್ದೆ ಬರುವುದಿಲ್ಲ. ನಿದ್ದೆ ಮಾತು ಕೇಳುವುದಿಲ್ಲ, ಬೆಳಕನ್ನು ಕೇಳುತ್ತದೆ. ಆದ್ದರಿಂದ ಏಳುವ ಹೊತ್ತನ್ನು ಮೊದಲು ಸರಿಪಡಿಸಿ. ಹದಿನೈದು ದಿನ ಮುಂಚೆಯೇ ಎರಡು ದಿನಕ್ಕೊಮ್ಮೆ ಕಾಲು ಗಂಟೆ ಮುಂಚಿತವಾಗಿ ಎಬ್ಬಿಸುತ್ತ ಬನ್ನಿ, ಎದ್ದೊಡನೆ ಅಂಗಳದ ಬೆಳಕಿಗೆ ಕಳುಹಿಸಿ. ಮಲಗುವ ಹೊತ್ತು ತಾನಾಗಿ ಹಿಂದೆ ಸರಿಯುತ್ತದೆ. ಮಲಗುವ ಒಂದು ಗಂಟೆ ಮೊದಲು ಟಿ.ವಿ., ಮೊಬೈಲು ಬೇಡ. ಈ ನಿಯಮ ಅಪ್ಪನಿಗೂ ಅನ್ವಯಿಸಬೇಕು. ಪಕ್ಕದಲ್ಲೇ ಅಪ್ಪ ಮೊಬೈಲು ಹಿಡಿದು ನಗುತ್ತಿದ್ದರೆ ಯಾವ ಮಗು ಕಣ್ಣು ಮುಚ್ಚೀತು?

ಇಲ್ಲಿ ಮನೆಯ ಹಿರಿಯರಿಗೆ ಒಂದು ಮಾತು. ಮಗು ಆರಕ್ಕೆ ಏಳಬೇಕೆಂದರೆ ತಾಯಿ ಐದಕ್ಕೆ ಏಳುತ್ತಾಳೆ. ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದು ಮಲಗಿದವಳು ಐದಕ್ಕೆ ಎದ್ದು ತಿಂಡಿ, ಬುತ್ತಿ, ಜಡೆ, ಹಟ್ಟಿಯ ಕೆಲಸ ಎಲ್ಲವನ್ನೂ ಒಬ್ಬಳೇ ಮುಗಿಸಬೇಕಾದರೆ ಯಾವುದಾದರೊಂದು ಬಿಟ್ಟುಹೋಗುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಮಗುವಿನ ತಿಂಡಿ. ಬಸ್ಸಿನ ಹಾರನ್ ಕೇಳಿಸಿತೆಂದು ಅರ್ಧ ಲೋಟ ಕಾಫಿ ಕುಡಿಸಿ ಓಡಿಸಿಬಿಡುತ್ತೇವೆ. ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಬಿದ್ದ ಮಕ್ಕಳನ್ನು ನನ್ನ ಬಳಿಗೆ ಕರೆತಂದಾಗ ನಾನು ಕೇಳುವ ಮೊದಲ ಪ್ರಶ್ನೆ 'ಬೆಳಿಗ್ಗೆ ಏನು ತಿಂದೆ' ಎಂಬುದು. ಹೆಚ್ಚಿನವರ ಉತ್ತರ 'ಕಾಫಿ, ಬಿಸ್ಕತ್ತು'. ಬೆಲ್ಲದ ಕಾಫಿ ನಮ್ಮ ಕೊಡಗಿನ ಮನೆಗಳ ಸೊಗಸು, ನಾನೂ ಕುಡಿಯುತ್ತೇನೆ. ಆದರೆ ಅದು ಮಗುವಿನ ಊಟವಲ್ಲ. ಕಾಫಿ, ಚಹಾ ಎರಡೂ ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತವೆ.

ಬೆಳಗಿನ ತಿಂಡಿ ದೊಡ್ಡ ಅಡುಗೆಯಾಗಬೇಕಿಲ್ಲ. ರಾತ್ರಿಯೇ ನೆನೆಸಿಟ್ಟ ಕಡಲೆಯೊಂದಿಗೆ ಪುಟ್ಟು, ಅಕ್ಕಿರೊಟ್ಟಿಯೊಂದಿಗೆ ಮೊಟ್ಟೆ, ಗಂಜಿಗೆ ಹುರುಳಿ ಅಥವಾ ಹೆಸರಿನ ಪಲ್ಯ, ದೋಸೆ, ಏನೂ ಆಗದಿದ್ದರೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಜೂನ್‌ನಲ್ಲಿ ಹಿತ್ತಿಲ ಹಲಸು ಇನ್ನೂ ಮುಗಿದಿರುವುದಿಲ್ಲ, ಅದರ ಬೀಜವನ್ನು ಬೇಯಿಸಿ ಪಲ್ಯಕ್ಕೆ ಹಾಕಿ. ಶಾಲೆಯಲ್ಲಿ ಬಿಸಿಯೂಟವಿದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ, ನಿಜ. ಆದರೆ ಹಿಂದಿನ ರಾತ್ರಿ ಉಂಡ ಮಗು ಅಲ್ಲಿಯವರೆಗೆ ಎಷ್ಟು ತಾಸು ಹಸಿದಿರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ರಜೆಯ ಕೊನೆಯ ವಾರದಲ್ಲಿ ಒಂದೆರಡು ದಿನ ಪೂರ್ತಿ ತಾಲೀಮು ನಡೆಸಿ. ಎದ್ದು, ಶೌಚಕ್ಕೆ ಹೋಗಿ, ಮಿಂದು, ಕುಳಿತು ತಿಂಡಿ ತಿಂದು, ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲಲು ಎಷ್ಟು ಹೊತ್ತು ಬೇಕಾಗುತ್ತದೆ, ಯಾವ ಕೆಲಸ ಯಾರದು ಎಂಬುದು ಆಗಲೇ ತಿಳಿಯುತ್ತದೆ. ಬಾಟಲಿ ತುಂಬಿಸುವುದು, ಬೂಟು ಒರೆಸುವುದು, ಚಿಕ್ಕವನಿಗೆ ಅಂಗಿ ತೊಡಿಸುವುದು ಅಪ್ಪನಿಗೆ ಬಾರದ ವಿದ್ಯೆಯೇನಲ್ಲ.

ಒದ್ದೆ ಬಟ್ಟೆ, ಒದ್ದೆ ಕಾಲು

ಮಳೆಯಲ್ಲಿ ನೆನೆದರೆ ಶೀತವಾಗುತ್ತದೆ ಎನ್ನುತ್ತೇವೆ. ಶೀತ ಬರುವುದು ವೈರಸ್‌ಗಳಿಂದ. ಮಳೆಗೆ ಕಿಟಕಿ ಮುಚ್ಚಿದ ಕೊಠಡಿಯಲ್ಲಿ ನಲವತ್ತು ಮಕ್ಕಳು ಒತ್ತೊತ್ತಾಗಿ ಕುಳಿತಾಗ ಅದು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುತ್ತದೆ. ಒದ್ದೆ ಬಟ್ಟೆಯ ನಿಜವಾದ ತೊಂದರೆ ಚರ್ಮಕ್ಕೆ. ಸೊಂಟ, ತೊಡೆಸಂದಿ, ಕಾಲ್ಬೆರಳ ಸಂದುಗಳಲ್ಲಿ ಹುಳುಕಡ್ಡಿ ಹುಟ್ಟುತ್ತದೆ, ಮನೆಮಂದಿಗೆಲ್ಲ ಹರಡುತ್ತದೆ. ಚೀಲದಲ್ಲಿ ಒಂದು ಜೊತೆ ಒಳಉಡುಪು, ಕಾಲುಚೀಲ, ಒಂದು ಸಣ್ಣ ಟವೆಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ. ಶಾಲೆ ಮುಟ್ಟಿದೊಡನೆ ಕಾಲೊರೆಸಿಕೊಂಡು ಬದಲಿಸಲಿ. ಸಮವಸ್ತ್ರ ಒಣಗದಿದ್ದರೆ ಇಸ್ತ್ರಿ ಹಾಕಿ. ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿದ ಬಟ್ಟೆ ಒಣಗುತ್ತದೆ, ಆದರೆ ಆ ಹೊಗೆಯಲ್ಲೇ ಕುಳಿತು ಓದುವ ಮಗುವಿಗೆ ಕೆಮ್ಮು, ಉಬ್ಬಸ ಹೆಚ್ಚುತ್ತದೆ. ಹುಳುಕಡ್ಡಿಗೆ ಔಷಧದಂಗಡಿಯಿಂದ ಸಿಕ್ಕಿದ ಟ್ಯೂಬು ತಂದು ಹಚ್ಚುವವರು ಒಂದು ತಿಳಿದಿರಲಿ. ಅವುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಎರಡು ದಿನದಲ್ಲಿ ತುರಿಕೆ ನಿಂತಂತೆ ಮಾಡಿ, ಒಳಗೊಳಗೇ ರೋಗವನ್ನು ಬೆಳೆಸುತ್ತವೆ. ಇಂದು ಹುಳುಕಡ್ಡಿ ಇಷ್ಟು ಹಟಮಾರಿಯಾಗಲು ಈ ಟ್ಯೂಬುಗಳೂ ಒಂದು ಕಾರಣ.

ಜಿಗಣೆ ಕಚ್ಚಿದರೆ ಕಿತ್ತೆಳೆಯಬೇಡಿ. ಅದರ ಸಪೂರ ತುದಿಯ ಬಳಿ ಉಗುರನ್ನು ಚರ್ಮಕ್ಕೆ ತಾಗಿಸಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ರಸವೊಂದನ್ನು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸುರಿಯುತ್ತದೆ. ಸಾಬೂನಿನಿಂದ ತೊಳೆದು ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು. ಜಗಲಿಯಲ್ಲಿ ಬಿಟ್ಟ ಬೂಟನ್ನು ಕೊಡವದೆ ಹಾಕಿಕೊಳ್ಳಬಾರದೆಂದು ಮಕ್ಕಳಿಗೆ ಅಭ್ಯಾಸ ಮಾಡಿಸಿ. ಮಳೆಗಾಲದಲ್ಲಿ ಒಣ ಜಾಗ ಹುಡುಕುವವರು ನಾವು ಮಾತ್ರವಲ್ಲ.

ಕುಡಿಯುವ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಕುದಿಸಿ. ಅದನ್ನು ತಣಿಸಲು ತಣ್ಣೀರು ಬೆರೆಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಹಾಗೆ ಮಾಡಿದರೆ ಕುದಿಸಿದ ಸೌದೆಯಷ್ಟೇ ನಷ್ಟ. ಮಳೆಗಾಲದಲ್ಲಿ ಶಾಲಾಮಕ್ಕಳಿಗೆ ಬರುವ ಕಾಮಾಲೆ, ಟೈಫಾಯಿಡ್, ವಾಂತಿಭೇದಿಗಳಿಗೆ ನೀರೇ ಮುಖ್ಯ ದಾರಿ.

ಜ್ವರ ಬಂದರೆ

ಜೂನ್, ಜುಲೈ ತಿಂಗಳ ಜ್ವರಗಳಲ್ಲಿ ಹೆಚ್ಚಿನವು ಮೂರು ನಾಲ್ಕು ದಿನದ ವೈರಸ್ ಜ್ವರಗಳು. ಆದರೆ ನಮ್ಮ ಭಾಗದಲ್ಲಿ ಡೆಂಗಿಯನ್ನೂ ಇಲಿಜ್ವರವನ್ನೂ ಮರೆಯುವಂತಿಲ್ಲ. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಶುದ್ಧ ನೀರಿನಲ್ಲಿ ಮೊಟ್ಟೆಯಿಡುತ್ತದೆ. ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಚಿಪ್ಪುಗಳು, ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಹಳೆಯ ಟೈರು ಎಲ್ಲ ಅದಕ್ಕೆ ತೊಟ್ಟಿಲು. ಟ್ಯಾಪಿಂಗ್ ನಿಲ್ಲಿಸಿದ ಮರಗಳ ಚಿಪ್ಪುಗಳನ್ನು ಕವುಚಿ ಹಾಕುವ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿ. ಇಲಿಜ್ವರ ಬರುವುದು ಇಲಿಗಳ ಮೂತ್ರ ಬೆರೆತ ನೀರಿನಿಂದ. ಕಾಲಿನ ಗಾಯಗಳ ಮೂಲಕ ರೋಗಾಣು ಒಳಸೇರುತ್ತದೆ. ಗಾಯವಿರುವ ಮಗು ಬರಿಗಾಲಿನಲ್ಲಿ ಗದ್ದೆಯ ನೀರು, ಚರಂಡಿ ದಾಟಬಾರದು. ಜ್ವರದೊಡನೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇದ್ದರೆ ತಡ ಮಾಡಬೇಡಿ.

ಮನೆಯಲ್ಲಿ ಜ್ವರಕ್ಕೆ ಕೊಡಬಹುದಾದ ಔಷಧ ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಡೆಂಗಿಯಿದ್ದರೆ ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಪ್ರಮಾಣ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಅಂದರೆ 20 ಕಿಲೋ ಮಗುವಿಗೆ 200ರಿಂದ 300 ಮಿಲಿಗ್ರಾಂ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಸಿರಪ್ಪಿನ ಬಾಟಲಿಯ ಮೇಲೆ ಬರೆದುದನ್ನು ಓದಲೇಬೇಕು. ಒಂದರಲ್ಲಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇದ್ದರೆ, ಇನ್ನೊಂದರಲ್ಲಿ 250 ಇರುತ್ತದೆ. ಅಣ್ಣನಿಗೆಂದು ತಂದ ಬಾಟಲಿಯಿಂದ ತಂಗಿಗೆ ಅದೇ ಮುಚ್ಚಳದಲ್ಲಿ ಕೊಟ್ಟು ಗಾಬರಿಯಾಗಿ ಓಡಿಬಂದವರುಂಟು. ಡೆಂಗಿಯಲ್ಲಿ ಅಪಾಯದ ಕಾಲ ಜ್ವರ ಇಳಿಯುವ ಹೊತ್ತು, ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ಜ್ವರ ಬಿಟ್ಟಿತೆಂದು ಸಮಾಧಾನ ಪಡುವಾಗಲೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ಮಂಕು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಔಷಧವಿಲ್ಲದೆ ಒಂದು ದಿನ ಪೂರ್ತಿ ಜ್ವರ ಬಾರದಿದ್ದ ಮೇಲಷ್ಟೇ ಮಗುವನ್ನು ಶಾಲೆಗೆ ಕಳುಹಿಸಿ.

ಉಳಿದ ಸಿದ್ಧತೆಗಳನ್ನು ಬೇಗ ಹೇಳುತ್ತೇನೆ. ಪೆಟ್ಟಿಗೆಯ ತಳದಲ್ಲಿರುವ ತಾಯಿ ಕಾರ್ಡನ್ನು ತೆಗೆದು ನೋಡಿ. ಐದರಿಂದ ಆರು ವರ್ಷದೊಳಗೆ ಡಿ.ಪಿ.ಟಿ. ಎರಡನೇ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿ.ಡಿ. ಚುಚ್ಚುಮದ್ದು ಆಗಬೇಕು. ರಾಷ್ಟ್ರೀಯ ಪಟ್ಟಿ ಗಡಿಯ ಎರಡೂ ಕಡೆ ಒಂದೇ, ಎರಡೂ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಗಂಟಲಮಾರಿ ಅಜ್ಜನ ಕಾಲದ ರೋಗವೆಂದು ತಿಳಿಯಬೇಡಿ, ಈ ಬೂಸ್ಟರ್ ಮರೆತ ಶಾಲಾಮಕ್ಕಳಲ್ಲೇ ಅದು ಈಗ ಕಾಣಿಸಿಕೊಳ್ಳುತ್ತದೆ. ಗೋಡೆಯ ಕ್ಯಾಲೆಂಡರನ್ನು ಹತ್ತಡಿ ದೂರದಿಂದ, ಒಂದೊಂದೇ ಕಣ್ಣು ಮುಚ್ಚಿ ಓದಿಸಿ. ಒಂದು ಕಣ್ಣಿಗೆ ಕಾಣುವುದು ಇನ್ನೊಂದಕ್ಕೆ ಕಾಣದಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ, ವಾರಕ್ಕೊಮ್ಮೆಯ ಕಬ್ಬಿಣಾಂಶದ ಮಾತ್ರೆಯನ್ನೂ (ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ) ತಪ್ಪಿಸಬೇಡಿ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ನೆಂಟರ ಮನೆಯಿಂದ ತಲೆಯಲ್ಲಿ ಹೇನು ಬಂದಿದ್ದರೆ ಮನೆಯ ಎಲ್ಲರ ತಲೆಗೂ ಒಂದೇ ದಿನ ಔಷಧ ಹಚ್ಚಿ. ಚೀಲದ ತೂಕದ ಬಗ್ಗೆ ರಾಜ್ಯ ಸರ್ಕಾರ 2019ರಲ್ಲೇ ಆದೇಶ ಹೊರಡಿಸಿದೆ. ಒಂದು ಮತ್ತು ಎರಡನೇ ತರಗತಿಗೆ 2 ಕಿಲೋ, ಐದರವರೆಗೆ 3, ಎಂಟರವರೆಗೆ 4, ಹತ್ತರವರೆಗೆ 5 ಮೀರಬಾರದು. ಪಡಿತರದ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ನಿಮಗೇ ಆಶ್ಚರ್ಯವಾದೀತು.

ಶಿಕ್ಷಕರಿಗೊಂದು ಚೀಟಿ

ಉಬ್ಬಸ, ಅಪಸ್ಮಾರ, ಮಧುಮೇಹ, ಹೃದಯದ ತೊಂದರೆ ಇರುವ ಮಕ್ಕಳ ಪೋಷಕರು ಇದನ್ನು ಎರಡು ಸಲ ಓದಬೇಕು. ರಜೆಯಲ್ಲಿ ಮಗು ಚೆನ್ನಾಗಿದೆಯೆಂದು ಉಬ್ಬಸದ ಇನ್‌ಹೇಲರ್ ನಿಲ್ಲಿಸಿರುತ್ತೀರಿ. ಚೆನ್ನಾಗಿದ್ದುದೇ ಅದರಿಂದ. ಮಳೆ, ತೇವ, ಶೀತ ಒಟ್ಟಿಗೆ ಬಂದಾಗ ಜೂನ್‌ನಲ್ಲಿ ರಾತ್ರೋರಾತ್ರಿ ಉಸಿರಾಟ ಕಟ್ಟಿ ಬರುವ ಮಕ್ಕಳಲ್ಲಿ ಇಂಥವರೇ ಹೆಚ್ಚು. ವೈದ್ಯರನ್ನು ಕೇಳದೆ ಯಾವ ನಿತ್ಯದ ಔಷಧವನ್ನೂ ನಿಲ್ಲಿಸಬೇಡಿ. ಕಾಯಿಲೆ ಬಚ್ಚಿಡುವುದಂತೂ ಬೇಡವೇ ಬೇಡ. ಹುಡುಗಿಗೆ ಅಪಸ್ಮಾರವಿದೆಯೆಂದು ತಿಳಿದರೆ ಮುಂದೆ ಮದುವೆಗೆ ತೊಡಕಾಗುತ್ತದೆಂದು ಶಾಲೆಗೆ ಹೇಳದ ತಂದೆಯರನ್ನು ಕಂಡಿದ್ದೇನೆ. ತರಗತಿಯಲ್ಲಿ ಬಿದ್ದಾಗ ಗೊತ್ತಿಲ್ಲದ ಶಿಕ್ಷಕರು ಬಾಯಿಗೆ ನೀರು ಹಾಕಿದರೆ, ಹಲ್ಲಿನ ನಡುವೆ ಚಮಚ ತುರುಕಿದರೆ ಆಗುವ ಅನಾಹುತಕ್ಕೆ ಯಾರು ಹೊಣೆ? ಒಂದು ಹಾಳೆಯಲ್ಲಿ ಕಾಯಿಲೆಯ ಹೆಸರು, ಔಷಧ, ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಯಾರಿಗೆ ಫೋನು ಮಾಡಬೇಕು ಎಂದು ಬರೆದು ಮೊದಲ ದಿನವೇ ತರಗತಿಯ ಶಿಕ್ಷಕರ ಕೈಗೆ ಕೊಡಿ.

ನಿತ್ಯದ ಔಷಧ ಮೂರು ವಾರಕ್ಕಾಗುವಷ್ಟು ಮನೆಯಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳು ಮುಚ್ಚಿದುದನ್ನು ನಾವು ಮರೆತಿಲ್ಲ. ಘಟ್ಟದ ದಾರಿ ಕಟ್ಟಿದರೆ ಮಡಿಕೇರಿ ದೂರವಾಗುತ್ತದೆ. ಆಗ ಸುಳ್ಯಕ್ಕೋ ಕಾಞಂಗಾಡಿಗೋ ಹೋಗಬೇಕು, ಆ ದಾರಿಯೂ ತೆರೆದಿರಬೇಕು. ಆ ಮಳೆಯ ಮುಂದಿನ ವರ್ಷಗಳಲ್ಲಿ ಗುಡುಗು ಕೇಳಿದರೆ ಅಮ್ಮನ ಸೆರಗು ಬಿಡದ ಮಕ್ಕಳೂ ನನ್ನ ಬಳಿಗೆ ಬಂದಿದ್ದರು. ಅಂಥ ಮಗುವಿಗೆ 'ಹೆದರಬೇಡ' ಎನ್ನುವ ಬದಲು, ಮಳೆ ಜೋರಾದರೆ ಯಾರು ಕರೆದುಕೊಂಡು ಬರುತ್ತಾರೆ, ಎಲ್ಲಿ ಕಾಯಬೇಕು ಎಂದು ಹೇಳಿಡುವುದು ಹೆಚ್ಚು ಫಲ ಕೊಡುತ್ತದೆ.

ಮೊದಲ ಬಾರಿ ಶಾಲೆಗೆ ಹೋಗುವ ಮಗು ಅಳುವುದು ಸಹಜ. ಅಂಗಡಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಜಾರಿಕೊಳ್ಳಬೇಡಿ. ಹೇಳಿ, ಕೈ ಬೀಸಿ, ಹೊರಡಿ, ಹೇಳಿದ ಹೊತ್ತಿಗೆ ಸರಿಯಾಗಿ ಬನ್ನಿ. 'ಅತ್ತರೆ ಡಾಕ್ಟ್ರ ಹತ್ತಿರ ಸೂಜಿ ಚುಚ್ಚಿಸ್ತೇನೆ' ಎಂಬ ಬೆದರಿಕೆಯಂತೂ ಬೇಡ, ಆಮೇಲೆ ಗಂಟಲು ನೋಡಲು ಬಾಯಿ ತೆರೆಸಬೇಕಾದವನು ನಾನು. ಎರಡು ಮೂರು ವಾರ ಕಳೆದರೂ ಅಳು, ಬೆಳಗಿನ ಹೊಟ್ಟೆನೋವು, ರಾತ್ರಿ ಹಾಸಿಗೆ ಒದ್ದೆ ಮಾಡುವುದು ನಿಲ್ಲದಿದ್ದರೆ ಅದನ್ನು ನೆಪವೆಂದು ತಳ್ಳಿಹಾಕದೆ ಮಗುವನ್ನು ಕೂರಿಸಿಕೊಂಡು ಕೇಳಿ, ಶಿಕ್ಷಕರನ್ನು ಕೇಳಿ, ಆಮೇಲೆ ವೈದ್ಯರಲ್ಲಿಗೆ ಕರೆತನ್ನಿ. ಬರುವಾಗ ಮೂತ್ರದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಕೊನೆಯದಾಗಿ, ಆಂಬುಲೆನ್ಸಿನ 108 ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಈ ಸಂಖ್ಯೆ ಕರ್ನಾಟಕದಲ್ಲೂ ಕೇರಳದಲ್ಲೂ ಒಂದೇ. ಗಡಿಯ ಮನೆಗಳಿಂದ ಕರೆ ಮಾಡುವಾಗ ರೋಗದ ವಿವರಕ್ಕೆ ಮೊದಲು ಊರು ಮತ್ತು ಜಿಲ್ಲೆಯ ಹೆಸರು ಹೇಳಿ: ಕರಿಕೆ, ಕೊಡಗು ಜಿಲ್ಲೆ. ಮಾತು ಬಲ್ಲ ಮಕ್ಕಳಿಗೂ ಅದನ್ನು ಬಾಯಿಪಾಠ ಮಾಡಿಸಿ.